ರಾತ್ರಿಪಾಳಿಗೊಂದು ಕೋಣೆ

ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರ ಸಂಜೆ ಪಾಳಿ ಮುಗಿಸಿ ಬಟ್ಟೆ ಬದಲಿಸಲು ಇಳಿದದ್ದು ನೆಲಮಾಳಿಗೆಗೆ. ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಯುತ್ತಿದ್ದ ವಿಭಾಗವದು. ಆಸ್ಪತ್ರೆಯದೇ ನೌಕರನೊಬ್ಬ ಅಲ್ಲಿ ಎರಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅರುಣಾ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನಾಲ್ಕು ದಶಕ ಅವರ ಆರೈಕೆ ಮಾಡಿದವರು ಅಲ್ಲಿನ ನರ್ಸ್‌ಗಳು. ದೇಶ ಅವರನ್ನು ದಯಾಮರಣದ ಮೊಕದ್ದಮೆಯಿಂದ ನೆನೆಯುತ್ತದೆ. ಅವರು ಬಟ್ಟೆ ಬದಲಿಸಲು ನೆಲಮಾಳಿಗೆಗೇಕೆ ಹೋಗಬೇಕಿತ್ತು ಎಂಬ ಪ್ರಶ್ನೆ ಹಿಂದೆ ಸರಿದುಬಿಟ್ಟಿತು.

ಅರ್ಧ ಶತಮಾನದ ಬಳಿಕ, 2024ರ ಆಗಸ್ಟ್ 9ರಂದು, ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಎದ್ದು ನಿಂತಿತು. 36 ಗಂಟೆಗಳ ಡ್ಯೂಟಿಯಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ಒರಗಿಕೊಳ್ಳಲು ಹೋದದ್ದು ಸೆಮಿನಾರ್ ಹಾಲ್‌ಗೆ. ಕೊಲೆಯಾದದ್ದೂ ಅಲ್ಲೇ.

ಆಮೇಲೆ ಪಶ್ಚಿಮ ಬಂಗಾಳ ಸರ್ಕಾರ ಕಂಡುಕೊಂಡ ಪರಿಹಾರಗಳಲ್ಲಿ ಒಂದು ವಿಚಿತ್ರವಾಗಿತ್ತು: ಸಾಧ್ಯವಾದಷ್ಟೂ ಹೆಂಗಸರಿಗೆ ರಾತ್ರಿಪಾಳಿ ಬೇಡ. ಸೆಪ್ಟೆಂಬರ್ 17ರ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ತರಾಟೆಗೆ ತೆಗೆದುಕೊಂಡಿತು. ರಕ್ಷಣೆ ಕೊಡುವುದು ಸರ್ಕಾರದ ಕೆಲಸ, ಕೆಲಸದಿಂದ ದೂರವಿಡುವುದಲ್ಲ ಎಂದಿತು. ಸರ್ಕಾರ ಆ ಮಾತನ್ನು ಕೈಬಿಟ್ಟಿತು. ರಾತ್ರಿ ಹೆರಿಗೆ, ರಾತ್ರಿ ಅಪಘಾತ ನೋಡದ ವೈದ್ಯೆ ಕಲಿಯುವುದಾದರೂ ಏನನ್ನು? ಕಲಿಯದವಳಿಗೆ ಬಡ್ತಿಯೂ ತಪ್ಪುತ್ತದೆ. ಹೆಣ್ಣನ್ನು ಕಾಪಾಡುವ ಹೆಸರಿನಲ್ಲೇ ಹಿಂದಕ್ಕೆ ತಳ್ಳುವ ಉಪಾಯವದು.

ಅದೇ ನ್ಯಾಯಾಲಯ ಆಗಸ್ಟ್ 20ರಂದು ಪರಿಶೀಲಿಸಲು ಹೇಳಿದ ಸಂಗತಿಗಳು ಎಷ್ಟು ಸಾಮಾನ್ಯವೆಂದರೆ, ಈವರೆಗೆ ಇರಲಿಲ್ಲವೇ ಎಂದು ಯಾರಿಗಾದರೂ ಅಚ್ಚರಿಯಾಗಬೇಕು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಿಶ್ರಾಂತಿ ಕೋಣೆ, ಅಲ್ಲಿ ಹಾಸಿಗೆ, ಕುಡಿಯುವ ನೀರು. ಹಾಸ್ಟೆಲ್ ದೂರವಿದ್ದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಹನ. ಆಸ್ಪತ್ರೆಯ ಲಿಂಗ ತಾರತಮ್ಯದ ಮಾತು ಬಂದಾಗಲೆಲ್ಲ ‘ಮನೋಭಾವ ಬದಲಾಗಬೇಕು’ ಎಂಬಲ್ಲಿಗೆ ಬಂದು ಚರ್ಚೆ ನಿಲ್ಲುತ್ತದೆ. ಬದಲಾಗಲಿ, ಬೇಡವೆಂದವರಾರು? ಅಷ್ಟರೊಳಗೆ ಬಾಗಿಲಿಗೊಂದು ಚಿಲಕವನ್ನಾದರೂ ಹಾಕಿಸಬಹುದಲ್ಲ.

ಮಗುವಿನ ವಿಷಯಕ್ಕೆ ಬಂದರೆ ಕಾನೂನು ಆಗಲೇ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಕೊಟ್ಟಿತು. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ರಜೆಯ ಸಂಬಳದ ಹೊರೆ ಮಾಲೀಕರ ಮೇಲೆಯೇ ಬೀಳುವುದರಿಂದ ಹೊಸದಾಗಿ ಮದುವೆಯಾದವರನ್ನು ನೇಮಿಸಿಕೊಳ್ಳಲು ಸಣ್ಣ ನರ್ಸಿಂಗ್ ಹೋಂಗಳು ಮೀನಮೇಷ ಎಣಿಸುತ್ತವೆ ಎಂಬ ಆಕ್ಷೇಪ ನಿಜವೇ. ಆದರೆ ಶಿಶುಪಾಲನಾ ಕೇಂದ್ರವನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ನಡೆಸಬೇಕಿಲ್ಲ; ಇತರರೊಂದಿಗೆ ಸೇರಿ ಮಾಡಲು ಕಾನೂನಿನಲ್ಲೇ ಅವಕಾಶವಿದೆ. ಒಂದೇ ರಸ್ತೆಯಲ್ಲಿ ಐದಾರು ನರ್ಸಿಂಗ್ ಹೋಂಗಳಿರುವ ಊರುಗಳು ನಮ್ಮಲ್ಲೇನೂ ಕಡಿಮೆಯಿಲ್ಲ.

ದೂರಿನ ಕತೆಯೂ ಹೀಗೆಯೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು ಎಂಬುದು ಈಗ ಬಹಳಷ್ಟು ಮಂದಿಗೆ ಗೊತ್ತು. ಒಬ್ಬ ಡಾಕ್ಟರು, ಇಬ್ಬರು ಸಿಸ್ಟರ್‌ಗಳು, ಚೀಟಿ ಬರೆಯುವ ಹುಡುಗಿ, ಇಷ್ಟೇ ಜನರ ಕ್ಲಿನಿಕ್ಕಿನಲ್ಲಿ ಡಾಕ್ಟರ ಮೇಲೆಯೇ ದೂರಿದ್ದರೆ? ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ದೂರು ಕೊಡಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಆ ಸಮಿತಿ ಎಲ್ಲಿದೆಯೆಂದು ತಿಳಿಸುವ ಒಂದು ಹಾಳೆ ಔಷಧಿ ಕಂಪನಿಯ ಕ್ಯಾಲೆಂಡರಿನ ಪಕ್ಕದಲ್ಲಿ ಇರಬೇಕಾದದ್ದು.

ಎಲ್ಲಕ್ಕಿಂತ ಕಷ್ಟದ ಗಂಟು ಆಶಾ ಕಾರ್ಯಕರ್ತೆಯರದು. 2005ರಿಂದ ಹಳ್ಳಿಯ ಬಾಣಂತನ, ಲಸಿಕೆ ಅವರ ಹೆಗಲ ಮೇಲಿದ್ದರೂ ಲೆಕ್ಕದಲ್ಲಿ ಅವರು ‘ಸ್ವಯಂಸೇವಕರು’. ಸಿಗುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಗರ್ಭಿಣಿಯ ಜೊತೆ ನಡುರಾತ್ರಿ ಆಸ್ಪತ್ರೆಗೆ ಬಂದ ಆಶಾಗೆ ತಲೆಯೂರಲು ಜಾಗ ಬೇಕೆಂದು ಒಡಿಶಾ ‘ಆಶಾ ಗೃಹ’ಗಳನ್ನು ಮಾಡಿತು. ಅದಿಲ್ಲದ ಕಡೆ ವಾರ್ಡಿನ ಹೊರಗಿನ ಬೆಂಚೇ ಗತಿ.

ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಶೇ 70ರಷ್ಟು ಮಹಿಳೆಯರು, ಉನ್ನತ ಹುದ್ದೆಗಳಲ್ಲಿ ಶೇ 25 ಮಾತ್ರ ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳಿತ್ತು. ಕಟ್ಟಡದ ನಕ್ಷೆ ನೋಡುವ ಮೇಜಿನ ಸುತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಇಲ್ಲದಿದ್ದರೆ ಬಟ್ಟೆ ಬದಲಿಸುವ ಕೋಣೆ ನಕ್ಷೆಯಲ್ಲಿ ಮೂಡುವುದೂ ಕಷ್ಟ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಸಣ್ಣಪುಟ್ಟ ದುರಸ್ತಿಗೆ ಅವುಗಳ ಕೈಯಲ್ಲೇ ಹಣವಿರುತ್ತದೆ. ಚಿಲಕ, ಕಾರಿಡಾರಿನ ಬಲ್ಬು, ಶೌಚಾಲಯದ ನಲ್ಲಿ, ಇವಕ್ಕೆ ಬೆಂಗಳೂರಿಗೆ ಕಡತ ಹೋಗಬೇಕಿಲ್ಲ. ಸಮಿತಿಯ ಮುಂದಿನ ಸಭೆಗೆ ರಾತ್ರಿಪಾಳಿಯ ಸಿಸ್ಟರನ್ನೂ ಕರೆದು, ಏನೇನು ಬೇಕೆಂದು ಅವರಿಂದಲೇ ಪಟ್ಟಿ ಬರೆಸಿಕೊಳ್ಳಬಹುದು.