ಸೈಕಲ್ಲಿನ ಪರಿಕರ



ಸೈಕಲ್ಲಿನ ವಿಚಾರ ಮಾತನಾಡುವುದಕ್ಕೆ ಕನ್ನಡ ಅಧ್ಯಾಪಕನೊಬ್ಬನಿಗೆ ಏನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ನನಗಿರುವ ಅಧಿಕಾರಗಳು ಎರಡು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮನೆಯಿಂದ ಕಾಲೇಜಿಗೆ ಸೈಕಲ್ಲಿನ ಮೇಲೆಯೇ ಹೋಗಿಬಂದವನು ನಾನು; ಅಷ್ಟೇ ವರ್ಷ ವಿದ್ಯಾರ್ಥಿಗಳಿಗೆ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವನೂ ಹೌದು. ಇವೆರಡಕ್ಕೂ ಇರುವ ನಂಟನ್ನು ಕುರಿತೇ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಮ್ಮ ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ತಪ್ಪಲಿಗೆ ಹೋದರೆ ಸೈಕಲ್ ಸವಾರರ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಬೆಟ್ಟ ಹತ್ತಿ ಇಳಿದ ಯುವಕ ಯುವತಿಯರು ಕಾಫಿ ಕುಡಿಯುತ್ತ ನಿಂತಿರುತ್ತಾರೆ. ಅವರ ಮಾತಿಗೆ ಕಿವಿಗೊಟ್ಟರೆ, ಹತ್ತಿದ ಬೆಟ್ಟದ ಸುದ್ದಿಗಿಂತ ಕೊಂಡ ಸಾಮಾನಿನ ಸುದ್ದಿಯೇ ಹೆಚ್ಚು. ಒಬ್ಬನು ಹೊಸ ಹೆಲ್ಮೆಟ್ಟನ್ನು ಕಳಚಿ ಕೈಯಿಂದ ಕೈಗೆ ದಾಟಿಸುತ್ತಾನೆ. ಇನ್ನೊಬ್ಬಳು ಸೀಟಿನ ಕೆಳಗೆ ಸಿಕ್ಕಿಸಿದ ಪುಟ್ಟ ಕೆಂಪು ದೀಪವನ್ನು ಮಿನುಗಿಸಿ ತೋರಿಸುತ್ತಾಳೆ. ಮತ್ತೊಬ್ಬನ ಹ್ಯಾಂಡಲಿನ ಮೇಲೆ ವೇಗ, ದೂರ, ಏರಿದ ಎತ್ತರ ಎಲ್ಲವನ್ನೂ ಲೆಕ್ಕವಿಡುವ ಅಂಗೈಯಗಲದ ಯಂತ್ರವಿದೆ. “ಎಷ್ಟು ಕೊಟ್ಟಿರಿ? ಮಳೆಗೆ ತಡೆಯುತ್ತದೆಯೆ? ಆರು ತಿಂಗಳಾದ ಮೇಲೆ ಹೇಗಿದೆ?” ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇದನ್ನು ಕಂಡ ನನ್ನ ವಯಸ್ಸಿನ ಮಿತ್ರರು, “ಇವರು ತುಳಿಯುವುದಕ್ಕಿಂತ ಕೊಳ್ಳುವುದೇ ಜಾಸ್ತಿ” ಎಂದು ನಗುತ್ತಾರೆ. ಆ ನಗೆಯಲ್ಲಿ ಅಷ್ಟು ಬೇಗ ಪಾಲ್ಗೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಾಹನಕ್ಕೆ ಜೋಡಿಸುವ ಇಂಥ ವಸ್ತುಗಳನ್ನು ನಾವು ‘ಪರಿಕರ’ ಎನ್ನುತ್ತೇವೆ. ಪರಿಕರವೆಂದರೆ ಸುತ್ತಲಿನ ಪರಿವಾರ, ಸಾಮಗ್ರಿ. ಆದರೆ ಅದು ಒಂದು ಅಲಂಕಾರದ ಹೆಸರೂ ಹೌದು. ವಿಶೇಷಣವು ಬರಿಯ ಶೋಭೆಗಾಗಿ ನಿಲ್ಲದೆ ಒಂದು ಅಭಿಪ್ರಾಯವನ್ನು ಹೊತ್ತು ನಿಂತಾಗ ಅದನ್ನು ಲಾಕ್ಷಣಿಕರು ಪರಿಕರಾಲಂಕಾರವೆಂದು ಕರೆದರು. ಬಾಯಾರಿದವನೊಬ್ಬನು, “ಗಂಗೆಯನ್ನು ಮುಡಿದ ಶಿವನೆ, ನನಗೆ ನೀರು ಕೊಡು” ಎಂದು ಬೇಡಿದನೆನ್ನಿ. ಆ ವಿಶೇಷಣಕ್ಕೆ ಅಲ್ಲಿ ಕೆಲಸವಿದೆ. ಅದರ ಬದಲು “ತ್ರಿಶೂಲ ಹಿಡಿದ ಶಿವನೆ” ಎಂದರೆ ಶಿವನಿಗೇನೂ ಕೊರತೆಯಾಗದು. ಬೇಡುವವನ ಬಾಯಾರಿಕೆಗೆ ಮಾತ್ರ ಆ ಮಾತಿನಿಂದ ಉಪಕಾರವಿಲ್ಲ. ಸೈಕಲ್ಲಿಗೆ ಸೇರಿಸುವ ವಸ್ತುವನ್ನೂ ಹೀಗೆಯೇ ವಿಚಾರಿಸಬೇಕೆಂದು ನನಗೆ ತೋರುತ್ತದೆ. ಅದು ಯಾರ ಬಾಯಾರಿಕೆಯನ್ನು ಬಲ್ಲದು?

ಚರಿತ್ರೆಯನ್ನು ನೋಡಿದರೆ, ನಾವು ‘ಸೈಕಲ್ಲು’ ಎಂದು ಕರೆಯುವ ವಸ್ತುವೇ ಒಂದರ ಮೇಲೊಂದು ಬಂದ ಪರಿಕರಗಳ ಮೊತ್ತ. ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ೧೮೧೭ರಲ್ಲಿ ಹತ್ತಿ ಹೊರಟ ಗಾಡಿಗೆ ಇದ್ದದ್ದು ಮರದ ಎರಡು ಚಕ್ರ, ನಡುವೆ ಒಂದು ದೂಲ, ದಿಕ್ಕು ತಿರುಗಿಸಲು ಒಂದು ಹಿಡಿಕೆ. ಸವಾರನು ಎರಡು ಕಾಲುಗಳಿಂದ ನೆಲವನ್ನು ಒದ್ದುಕೊಂಡು ಸಾಗಬೇಕಾಗಿತ್ತು. ಮುಂದಿನ ಚಕ್ರಕ್ಕೆ ಪೆಡಲು ಬಂದು ಅದು ಪ್ಯಾರಿಸಿನಲ್ಲಿ ಜನಪ್ರಿಯವಾದದ್ದು ೧೮೬೦ರ ದಶಕದಲ್ಲಿ. ಹಿಂದಿನ ಚಕ್ರವನ್ನು ಚೈನಿನಿಂದ ಎಳೆಯುವ, ನಮ್ಮ ಇಂದಿನ ಸೈಕಲ್ಲಿನ ಅಣ್ಣನಂತಿರುವ ಗಾಡಿಯನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದದ್ದು ೧೮೮೫ರಲ್ಲಿ. ಪೆಡಲಿಲ್ಲದ ಸೈಕಲ್ಲನ್ನು ಇಂದು ನಾವು ಮುರಿದ ಸೈಕಲ್ಲೆನ್ನುತ್ತೇವೆ. ಆದರೆ ಪೆಡಲೂ ಒಂದು ಕಾಲಕ್ಕೆ ಹೊಸ ಸಾಮಾನು; ಅದನ್ನೂ ಯಾರೋ ಕೊಂಡು, ಯಾರಿಗೋ ತೋರಿಸಿ, “ಇದರಿಂದ ಅನುಕೂಲವಿದೆ” ಎಂದು ಹೇಳಿರಲೇಬೇಕು.

ಗಾಳಿಯ ಕಥೆಯೂ ಹೀಗೆಯೇ. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ೧೮೪೫ರಲ್ಲಿಯೇ ಪೇಟೆಂಟು ಪಡೆದಿದ್ದ. ಬೇಕೆನ್ನುವ ಜನ ಒದಗದೆ ಅದು ಮರೆತುಹೋಯಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಗಟ್ಟಿ ರಬ್ಬರಿನ ಚಕ್ರಗಳ ಮೇಲೆ ಕುಲುಕಾಡುತ್ತಿದ್ದ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಚರ್ಮದ ಸೀಟು ಬಂದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಜೀನು ಸಲಕರಣೆಗಳ ವ್ಯಾಪಾರ ಮಾಡುತ್ತಿದ್ದ ಬ್ರೂಕ್ಸ್ ಎಂಬಾತನಿಂದ. ತನ್ನ ಕುದುರೆ ಸತ್ತದ್ದರಿಂದ ಆತ ಸೈಕಲ್ಲು ಏರಿದ, ಕೂರುವ ಜಾಗದ ಹಿಂಸೆಯನ್ನು ತಾಳಲಾರದೆ ಚರ್ಮದ ಸೀಟು ಹೊಲಿದ, ೧೮೮೨ರಲ್ಲಿ ಪೇಟೆಂಟು ಪಡೆದ ಎಂದು ಆ ಕಂಪನಿಯವರೇ ಹೇಳಿಕೊಂಡು ಬಂದಿದ್ದಾರೆ. ಕಥೆಯಲ್ಲಿ ಉಪ್ಪು ಖಾರ ಎಷ್ಟಿದ್ದರೂ ಇರಲಿ, ನೋವಿದ್ದ ಕಡೆಯೇ ಮದ್ದು ಹುಟ್ಟಿತೆಂಬುದು ಸ್ಪಷ್ಟ.

ಇನ್ನು ಗೇರು. ಫ್ರಾನ್ಸಿನ ಸೇಂತ್ ಎತಿಯೆನ್ ಎಂಬ ಊರಿನಲ್ಲಿ ಪಾಲ್ ದ ವಿವಿ ಎಂಬಾತ ೧೮೮೭ರಲ್ಲಿ ಸೈಕಲ್ ಸವಾರರಿಗಾಗಿಯೇ ಒಂದು ಪತ್ರಿಕೆ ತೆರೆದ. ‘ವೆಲೋಸಿಯೋ’ ಎಂಬುದು ಆತನ ಕಾವ್ಯನಾಮ. ಸುತ್ತಲೂ ಗುಡ್ಡಗಾಡು. ಏರಿಗೆ ಒಂದು, ಇಳಿಜಾರಿಗೆ ಒಂದು, ಸಮತಟ್ಟಿಗೆ ಇನ್ನೊಂದು ಎಂದು ಗೇರು ಬದಲಿಸುವ ಅನುಕೂಲವಿದ್ದರೆ ಸಾಧಾರಣ ಶಕ್ತಿಯವನೂ ದೂರ ಹೋಗಬಲ್ಲನೆಂಬುದು ಆತನ ಸಿದ್ಧಾಂತ. ತಾನೇ ಹೊಸ ಸಲಕರಣೆಗಳನ್ನು ಕಟ್ಟಿಕೊಂಡು ದೂರ ದೂರ ತುಳಿದು, ಕಂಡದ್ದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದ. ೧೯೦೩ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಗೇರು ಬದಲಿಸುವುದು ಇಳಿವಯಸ್ಸಿನವರಿಗೆ ತಕ್ಕದ್ದು, ಪೌರುಷವಿದ್ದವನು ತೋಳು ತೊಡೆಗಳ ಬಲದಿಂದ ಗೆಲ್ಲಬೇಕು ಎಂಬುದು ಆತನ ಹಟ. ಆ ಪಂದ್ಯದಲ್ಲಿ, ಓಡುತ್ತಿರುವಾಗಲೇ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಸಾಧನಕ್ಕೆ ಎಲ್ಲರಿಗೂ ಅನುಮತಿ ದೊರೆತದ್ದು ೧೯೩೭ರಲ್ಲಿ. ಸಲಕರಣೆಯನ್ನು ಕಂಡು ನಗುವವರಿಗೂ ಒಂದು ಪರಂಪರೆಯಿದೆ ಎಂಬುದಕ್ಕಾಗಿ ಇದನ್ನು ಹೇಳಿದೆ. ಇಂದು ಗೇರಿಲ್ಲದೆ ಆ ಪಂದ್ಯಕ್ಕೆ ಇಳಿಯುವವರು ಯಾರೂ ಇಲ್ಲ.

ನಮ್ಮ ನಾಡಿನ ಕಡೆಗೆ ತಿರುಗೋಣ. ೧೯೮೦ರ ಸುಮಾರಿಗೆ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ, ಸೈಕಲ್ಲು ಕೊಳ್ಳುವುದೆಂದರೆ ಒಂದು ದಿನದಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಮೊದಲು ಗಾಡಿ, ಸಂಬಳವೋ ವಿದ್ಯಾರ್ಥಿವೇತನವೋ ಬಂದಂತೆ ಒಂದೊಂದಾಗಿ ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು, ಕೊನೆಗೆ ಡೈನಮೋ. ಸೀಮೆಎಣ್ಣೆಯ ದೀಪವನ್ನು ಹಿಂದಿನ ತಲೆಮಾರು ಬಲ್ಲದು. ನಮ್ಮದು ಡೈನಮೋ ಕಾಲ. ಅದರ ತಲೆಯನ್ನು ಟೈರಿನ ಪಕ್ಕಕ್ಕೆ ಒತ್ತಿಕೊಳ್ಳುವಂತೆ ಬಾಗಿಸಿದರೆ ಚಕ್ರದ ಜೊತೆಗೆ ಅದೂ ತಿರುಗಿ ದೀಪ ಹತ್ತುತ್ತಿತ್ತು. ಆ ಕ್ಷಣದಿಂದ ಪೆಡಲು ಭಾರವಾಗುತ್ತಿತ್ತು. ಜೋರಾಗಿ ತುಳಿದರೆ ಜೋರು ಬೆಳಕು, ನಿಧಾನಿಸಿದರೆ ಮಂಕು, ನಿಂತರೆ ಕತ್ತಲೆ. ಬೆಳಕಿಗೆ ಬೆಲೆ ತೆರಬೇಕೆಂಬುದನ್ನು ಮೊಣಕಾಲುಗಳೇ ನಮಗೆ ಕಲಿಸಿದವು.

ಸೊಗಸಿಗೂ ಆಗ ಕೊರತೆಯಿರಲಿಲ್ಲ. ಕುಚ್ಚು ಇಳಿಬಿಟ್ಟ ರೆಕ್ಸಿನ್ ಸೀಟುಕವರು, ಹಿಡಿಕೆಯ ತುದಿಯಲ್ಲಿ ಹಾರಾಡುವ ಪ್ಲಾಸ್ಟಿಕ್ ಎಳೆಗಳು, ಚೈನ್ ಕವರಿನ ಮೇಲೆ ಬಣ್ಣದಲ್ಲಿ ಬರೆಸಿದ ಹೆಸರು. ಚಕ್ರದ ಅಚ್ಚಿನ ಸುತ್ತ ಬಣ್ಣಬಣ್ಣದ ಕುಂಚದ ಬಳೆಯನ್ನು ತೊಡಿಸುವುದೂ ಉಂಟಾಗಿತ್ತು. ನೋಡುವವರಿಗೆ ಅದು ಒಡವೆ. ಆದರೆ ಚಕ್ರ ತಿರುಗಿದಂತೆಲ್ಲ ಆ ಬಳೆ ಅಚ್ಚಿನ ಮೇಲಿನ ಧೂಳನ್ನು ತಾನಾಗಿ ಒರೆಸಿಹಾಕುತ್ತಿತ್ತು. ಪರಿಕರಾಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಡಲಿಲ್ಲ. ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ಚೆಂಡುಹೂವು ಮುಡಿಸಿ, ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡಿಸಿದಾಗ, ವರ್ಷವಿಡೀ ಹೊತ್ತದ್ದಕ್ಕೆ ಅದಕ್ಕೊಂದು ಮರ್ಯಾದೆ ಸಂದಂತಾಗುತ್ತಿತ್ತು, ಈಗಲೂ ಆಗುತ್ತದೆ.

ದುಡಿಯುವವರ ಸೈಕಲ್ಲಿನಲ್ಲಿ ಪರಿಕರವೇ ಜೀವನೋಪಾಯ. ಹಾಲಿನವರ ಗಾಡಿಯ ಎರಡು ಪಕ್ಕಕ್ಕೆ ಕ್ಯಾನು ತೂಗುಹಾಕುವ ಕಬ್ಬಿಣದ ಕೊಕ್ಕೆಗಳನ್ನು ನೋಡಿ. ಯಾವ ಕಾರ್ಖಾನೆಯ ಪಟ್ಟಿಯಲ್ಲಿಯೂ ಅವು ಇರಲಿಲ್ಲ, ಬೀದಿಯ ಕೊನೆಯ ಬೆಸುಗೆ ಅಂಗಡಿಯಲ್ಲಿ ಹುಟ್ಟಿದವು. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವನು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದನ್ನೇರಿ ತುಳಿಯುತ್ತಾನೆ; ಮುಂದೆ ಜೋಡಿಸಿದ ಸಾಣೆಕಲ್ಲು ತಿರುಗುತ್ತದೆ. ಎಲ್ಲರ ಸೈಕಲ್ಲೂ ಓಡುವಾಗ ಕೆಲಸ ಮಾಡಿದರೆ ಅವನದು ನಿಂತಾಗ ಕೆಲಸ ಮಾಡುತ್ತದೆ.

ಹೆಂಗಸರ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ೧೯೯೦ರ ದಶಕದ ಆರಂಭದ ಸಾಕ್ಷರತಾ ಆಂದೋಲನದೊಡನೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ಲು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಕಂಡು ಬರೆದಿದ್ದಾರೆ. ಹೆಂಗಸರ ಸೈಕಲ್ಲುಗಳು ಸಾಕಷ್ಟು ಸಿಗದೆ ಅವರು ಗಂಡಸರ ಸೈಕಲ್ಲುಗಳನ್ನೇ ಕೊಂಡರು. ಅವುಗಳ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಬಹುದೆಂಬುದನ್ನು ಕಂಡುಕೊಂಡ ಕೆಲವರಿಗೆ ಅದೇ ಇಷ್ಟವೂ ಆಯಿತು. ನಮ್ಮ ಕರ್ನಾಟಕದಲ್ಲಿ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಡಲಾರಂಭಿಸಿದಾಗ, ಹಳ್ಳಿಯ ದಾರಿಯಲ್ಲಿ ಜಡೆ ಹಾರಿಸಿಕೊಂಡು ಹೊರಟ ಹುಡುಗಿಯರನ್ನು ನಾನು ಕಂಡಿದ್ದೇನೆ. ಲಂಗದ ಅಂಚನ್ನು ಚೈನಿನಿಂದ ಕಾಯುವ ಒಂದು ತಗಡಿನ ಕವಚ, ಪುಸ್ತಕದ ಚೀಲಕ್ಕೆ ಒಂದು ಬುಟ್ಟಿ: ಇಂಥ ಸಣ್ಣ ಸಾಮಾನು ಇದೆಯೋ ಇಲ್ಲವೋ ಎಂಬುದರ ಮೇಲೆ ಆ ಪಯಣ ಎಷ್ಟು ನಿರಾತಂಕವೆಂಬುದು ನಿಂತಿರುತ್ತದೆ.

ಇಷ್ಟೆಲ್ಲವನ್ನೂ ಹರಡಿಕೊಂಡು ನೋಡಿದರೆ, ಹೆಚ್ಚಿನ ಪರಿಕರಗಳು ಸವಾರನ ಕಡೆಗೆ ಮುಖ ಮಾಡಿವೆ. ಸೀಟು ಅವನ ಸುಖಕ್ಕೆ, ಗೇರು ಅವನ ಕಾಲಿಗೆ, ಹೆಲ್ಮೆಟ್ಟು ಅವನ ತಲೆಗೆ. ಎರಡು ಮಾತ್ರ ಪರರ ಕಡೆಗೆ ಮುಖ ಮಾಡಿವೆ. ಒಂದು ಗಂಟೆ. ಮೈಸೂರಿನಲ್ಲಿ ೨೦೧೭ರಲ್ಲಿ ಸಾರ್ವಜನಿಕ ಸೈಕಲ್ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ‘ಟ್ರಿಣ್ ಟ್ರಿಣ್’ ಎಂದೇ ಹೆಸರಿಟ್ಟರು; ಗಂಟೆಯ ದನಿಯೇ ಗಾಡಿಯ ಹೆಸರಾಯಿತು. ಎರಡನೆಯದು ಹಿಂದಿನ ಕೆಂಪು. ಅದು ದೀಪವಾಗಿರಬಹುದು ಅಥವಾ ಬರಿಯ ಪ್ರತಿಫಲಕವಾಗಿರಬಹುದು. ಈ ಪ್ರತಿಫಲಕದ ಒಳಗೆ ಸಾಲುಸಾಲಾಗಿ ಸಣ್ಣ ಮೂಲೆಗಳಿವೆ. ಬಿದ್ದ ಬೆಳಕು ಅವುಗಳಲ್ಲಿ ತಿರುಗಿ, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಹಿಂದಿನಿಂದ ಬರುವ ಲಾರಿಯ ಬೆಳಕೇ ಲಾರಿಯವನಿಗೆ ಎಚ್ಚರಿಕೆಯಾಗುತ್ತದೆ. ಬ್ಯಾಟರಿ ಬೇಡ, ಗುಂಡಿ ಬೇಡ. ಆಗಾಗ ಧೂಳು ಒರೆಸಿದರೆ ಸಾಕು.

ನನ್ನನ್ನು ಕಾಡುವ ಸಂಗತಿ ಇಲ್ಲಿದೆ. ಬೆಟ್ಟದ ತಪ್ಪಲಿನ ಯುವಕರ ಗಾಡಿಗಳಲ್ಲಿ ಇಂಥ ದೀಪ ಎರಡು ಮೂರು ಇರುತ್ತವೆ. ರಾತ್ರಿ ಹತ್ತು ಗಂಟೆಯ ಮೇಲೆ ರಿಂಗ್ ರಸ್ತೆಯಲ್ಲಿ ಮನೆಗೆ ಹಿಂದಿರುಗುವ ಹೋಟೆಲು ಕೆಲಸಗಾರರ, ಗಾರೆ ಕೆಲಸದವರ, ಕಾವಲುಗಾರರ ಸೈಕಲ್ಲುಗಳನ್ನು ನೋಡಿ. ಬಹುಪಾಲಿಗೆ ಹಿಂದೆ ಏನೂ ಇರುವುದಿಲ್ಲ. ಇದ್ದ ಪ್ರತಿಫಲಕವೂ ಒಡೆದು ಎಷ್ಟೋ ಕಾಲವಾಗಿರುತ್ತದೆ. ಕತ್ತಲೆಯಲ್ಲಿ ಹೆಚ್ಚು ತುಳಿಯುವವರು ಅವರು, ಬೆಳಕು ಕಡಮೆಯಿರುವುದೂ ಅವರಿಗೇ. “ಹೊಸದಾಗಿ ಏನು ಕೊಂಡಿರಿ?” ಎಂದು ಅವರನ್ನು ಯಾರೂ ಕೇಳುವುದಿಲ್ಲ. ಯಾವ ದೀಪ ಒಳ್ಳೆಯದು, ಯಾವುದು ಅಗ್ಗ, ಎಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ಕಾಫಿಯ ಲೋಟಗಳ ನಡುವೆಯೇ ಸುತ್ತಿ ಅಲ್ಲಿಯೇ ನಿಂತುಬಿಡುತ್ತದೆ.

ನಮ್ಮ ಬಡಾವಣೆಯ ಕಾವಲುಗಾರರೊಬ್ಬರಿಗೆ ಒಮ್ಮೆ ನಾನು ಕೇಳಿದೆ: “ಯಜಮಾನರೆ, ಗಾಡಿಗೆ ಹಿಂದೊಂದು ದೀಪ ಹಾಕಿಕೊಡಲೆ?” ಅವರು ನಕ್ಕು, “ನಂಗೆ ದಾರಿ ಚೆನ್ನಾಗಿ ಕಾಣ್ತದೆ ಬಿಡಿ ಸ್ವಾಮಿ, ದೀಪ ಯಾಕೆ?” ಎಂದರು. “ನಿಮಗೆ ದಾರಿ ಕಾಣುತ್ತದೆ, ಹಿಂದೆ ಬರುವ ಲಾರಿಯವನಿಗೆ ನೀವು ಕಾಣಬೇಕಲ್ಲ?” ಎಂದೆ. ಒಂದು ಗಳಿಗೆ ಸುಮ್ಮನಿದ್ದು, “ಅದೂ ದಿಟವೇ, ಹಾಕಿ” ಎಂದರು. ಹಿಂದಿನ ದೀಪ ನೋಡುವುದಕ್ಕಾಗಿ ಅಲ್ಲ, ಕಾಣಿಸಿಕೊಳ್ಳುವುದಕ್ಕಾಗಿ. ಇದನ್ನು ಯಾರಾದರೂ ಅವರಿಗೆ ಮೊದಲೇ ಹೇಳಬಹುದಾಗಿತ್ತು.

ಆದ್ದರಿಂದ, ಸೈಕಲ್ ಪ್ರಿಯರೆ, ನಿಮ್ಮ ಕೊಳ್ಳುವಿಕೆಯನ್ನಾಗಲಿ ಕೊಂಡದ್ದನ್ನು ತೋರಿಸುವ ಸಡಗರವನ್ನಾಗಲಿ ನಾನು ಹಳಿಯುವುದಿಲ್ಲ. ವೆಲೋಸಿಯೋ ಪತ್ರಿಕೆ ತೆಗೆದು ಮಾಡಿದ್ದೂ ಇದೇ ಕೆಲಸವನ್ನು. ಆ ಮಾತುಕತೆಗೆ ಇನ್ನೊಂದು ಪ್ರಶ್ನೆಯನ್ನು ಮಾತ್ರ ಸೇರಿಸಿಕೊಳ್ಳಿ: “ಹಳೆಯದನ್ನು ಯಾರಿಗೆ ಕೊಟ್ಟಿರಿ?” ಹೊಸ ದೀಪ ಬಂದ ಮೇಲೆ ಹಳೆಯದು ಮೇಜಿನ ಖಾನೆಯಲ್ಲಿ ಬಿದ್ದಿರುತ್ತದೆ. ಅದನ್ನು ದಾನವೆಂದು ಚಾಚಬೇಡಿ. ಸವಾರನು ಸವಾರನಿಗೆ ಪಂಪು ಕೊಡುವಂತೆ, ಪಕ್ಕದಲ್ಲಿ ನಿಂತು ತಿರುಪು ಬಿಗಿದು ಕೊಡಿ. ಹೇಗೆ ಹತ್ತಿಸುವುದು, ಹೇಗೆ ಚಾರ್ಜು ಮಾಡುವುದು ಎಂಬುದನ್ನೂ ತೋರಿಸಿ. ದೀಪವಿಲ್ಲದಿದ್ದರೆ ಒಂದು ಕೆಂಪು ಪ್ರತಿಫಲಕವಾದರೂ ಸರಿ; ಅದರ ಬೆಲೆ ನೀವು ಕುಡಿಯುವ ಕೆಲವು ಲೋಟ ಕಾಫಿಗಿಂತ ಹೆಚ್ಚೇನಲ್ಲ.



(ಬಾನುಲಿ ಭಾಷಣ)