ನೋವಿಲ್ಲದ ಗಂಟು



ನವಲಗುಂದ ಅಣ್ಣಿಗೇರಿಗಳ ಎರೆಹೊಲದಲ್ಲಾಗಲಿ, ಕುಂದಗೋಳದ ಮೆಣಸಿನಕಾಯಿಯ ಕಣದಲ್ಲಾಗಲಿ, ಕಲಘಟಗಿಯ ಭತ್ತದ ಗದ್ದೆಯಲ್ಲಾಗಲಿ ದುಡಿಯುವ ಹೆಣ್ಣುಮಗಳು ತನ್ನ ದೇಹದ ಬಾಧೆಯನ್ನು ಎಲ್ಲಕ್ಕಿಂತ ಕಡೆಗೆ ಲೆಕ್ಕಿಸುವಳು. ಕೈಕೆಲಸ ನಿಲ್ಲುವಷ್ಟು ನೋವಾದಾಗಲೇ ಅವಳು ವೈದ್ಯರ ಬಾಗಿಲಿಗೆ ಹೋಗುವಳು. ಈ ಸಹನೆಯು ಬೇರೆಡೆಯಲ್ಲಿ ಗುಣವೆನಿಸಬಹುದು. ಸ್ತನದ ಅರ್ಬುದದಲ್ಲಿ, ಎಂದರೆ ಕ್ಯಾನ್ಸರಿನಲ್ಲಿ, ಅದೇ ಪ್ರಾಣಕ್ಕೆ ಎರವಾಗುವುದು. ಏಕೆಂದರೆ ಈ ರೋಗವು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ.

ಅದರ ಮೊದಲ ಕುರುಹು ಸಾಮಾನ್ಯವಾಗಿ ಒಂದು ಗಟ್ಟಿಯಾದ ಗಂಟು. ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ ಅದು ಹೆಚ್ಚಾಗಿ ಕಾಣಿಸಿಕೊಂಡು, ಸ್ನಾನದ ವೇಳೆ ಕೈಗೆ ತಗಲುವುದು. ಕೆಲವರಲ್ಲಿ ಚರ್ಮವು ಗುಳಿ ಬೀಳುವುದು, ಇಲ್ಲವೆ ಕಿತ್ತಳೆಯ ಸಿಪ್ಪೆಯಂತೆ ದಪ್ಪಗಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ಅದರಿಂದ ರಕ್ತಮಿಶ್ರಿತ ನೀರು ಒಸರುವುದು, ಅದರ ಮೇಲೆ ಮಾಯದ ತುರಿ ಕಾಣುವುದು, ಕಂಕುಳಲ್ಲಿ ಗಡ್ಡೆಯೇಳುವುದು. ಇವನ್ನು ಕಂಡೊಡನೆ ಎದೆಗೆಡಬೇಕಾಗಿಲ್ಲ. ಸ್ತನದ ಗಂಟುಗಳಲ್ಲಿ ಬಹುಪಾಲು ನಿರಪಾಯವಾದವುಗಳೇ. ಆದರೆ ಯಾವುದು ನಿರಪಾಯ, ಯಾವುದು ಅರ್ಬುದ ಎಂಬುದನ್ನು ಚಿತ್ರಪರೀಕ್ಷೆಯೂ, ಸೂಜಿಯಿಂದ ತೆಗೆದ ತುಣುಕಿನ ಪರೀಕ್ಷೆಯೂ ನಿರ್ಣಯಿಸಬೇಕಲ್ಲದೆ ನೆರೆಹೊರೆಯವರ ಮಾತಲ್ಲ. ಸೂಜಿ ಚುಚ್ಚಿದರೆ ರೋಗವು ಹಬ್ಬುವುದೆಂಬುದು ಆಧಾರವಿಲ್ಲದ ಭಯ.

ಇನ್ನು, ರೋಗಿಯ ಆಯುಷ್ಯವು ಯಾವುದನ್ನು ಅವಲಂಬಿಸಿರುವುದು? 2012ರಿಂದ 2015ರವರೆಗೆ ಈ ರೋಗವು ಗೊತ್ತಾದ ಸ್ತ್ರೀಯರ ವೃತ್ತಾಂತವನ್ನು ಭಾರತದ 11 ಅರ್ಬುದ ನೋಂದಣಿ ಕೇಂದ್ರಗಳು ಲೆಕ್ಕಹಾಕಿವೆ. ರೋಗವು ಸ್ತನದೊಳಗೇ ಇದ್ದಾಗ ಗೊತ್ತಾದವರಲ್ಲಿ ನೂರಕ್ಕೆ 81 ಮಂದಿ ಐದು ವರ್ಷ ದಾಟಿದರು. ಕಂಕುಳು ಮೊದಲಾದ ಸಮೀಪದ ಭಾಗಗಳಿಗೆ ಹಬ್ಬಿದ ಮೇಲೆ ಗೊತ್ತಾದವರಲ್ಲಿ ಆ ಸಂಖ್ಯೆಯು ಸುಮಾರು 65. ಎಲುಬು, ಶ್ವಾಸಕೋಶ, ಯಕೃತ್ತುಗಳಂಥ ದೂರದ ಅಂಗಗಳನ್ನು ಮುಟ್ಟಿದ ಮೇಲೆ ಕೇವಲ 18. ರೋಗವೊಂದೇ, ದೇಶವೊಂದೇ, ಗೊತ್ತಾದ ಕಾಲದಲ್ಲಿ ಮಾತ್ರ ಭೇದ.

ಗಂಟಿನ ಗಾತ್ರ, ರೋಗ ತಗಲಿದ ಕಂಕುಳಿನ ಗ್ರಂಥಿಗಳ ಸಂಖ್ಯೆ, ಜೀವಕೋಶಗಳು ಬೆಳೆಯುವ ವೇಗ, ಅವು ಹಾರ್ಮೋನಿಗೆ ಓಗೊಡುವ ಸ್ವಭಾವ ಇವೆಲ್ಲವೂ ಫಲವನ್ನು ನಿರ್ಧರಿಸುವುವು. ರೋಗದ ಸ್ವಭಾವವು ಮನುಷ್ಯರ ಕೈಯಲ್ಲಿಲ್ಲ. ಕೈಯಲ್ಲಿರುವವು ಎರಡು: ಬೇಗ ಹೋಗುವುದು, ಹಿಡಿದ ಚಿಕಿತ್ಸೆಯನ್ನು ಕಡೆ ಮುಟ್ಟಿಸುವುದು. ಔಷಧಕ್ಕೆ ಗಂಟು ಕರಗಿತೆಂದು ನಡುವೆ ಬಿಟ್ಟವರಲ್ಲಿ ರೋಗವು ಮರಳುವ ಅಪಾಯ ಹೆಚ್ಚು. ಹಾರ್ಮೋನಿನ ಮಾತ್ರೆಗಳನ್ನಂತೂ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಸೇವಿಸಬೇಕಾಗುವುದು. ಬೇಗ ಹೋದವರಲ್ಲಿ ಅನೇಕರಿಗೆ ಸ್ತನವನ್ನು ಪೂರ್ತಿಯಾಗಿ ತೆಗೆಯದೆ, ಗಂಟನ್ನಷ್ಟೇ ತೆಗೆದು ಕಿರಣಚಿಕಿತ್ಸೆ ಕೊಡುವುದೂ ಸಾಧ್ಯ.

ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ 1,51,538 ಸ್ತ್ರೀಯರಲ್ಲಿ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಒಂದು ಪಂಗಡದವರನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಆ ಪಂಗಡದಲ್ಲಿ ರೋಗವು ಮುಂಚಿನ ಹಂತದಲ್ಲಿಯೇ ಸಿಕ್ಕಿತು. 50 ವರ್ಷ ದಾಟಿದವರಲ್ಲಿ ಈ ರೋಗದ ಮರಣವು ನೂರಕ್ಕೆ ಸುಮಾರು 30ರಷ್ಟು ತಗ್ಗಿತು.

30 ವರ್ಷ ತುಂಬಿದ ಸ್ತ್ರೀಯರಿಗೆ ಇಂಥ ಪರೀಕ್ಷೆಯನ್ನು ಈಗ ಸರಕಾರವು ಊರ ಹತ್ತಿರದ ಆರೋಗ್ಯ ಕೇಂದ್ರಗಳಲ್ಲಿಯೇ ಗೊತ್ತುಮಾಡಿದೆ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎಂದು ಕರೆಯುವ ಸರಕಾರಿ ಆಸ್ಪತ್ರೆಯೂ, ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ಇರುವುವು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಾಗುವ ಆಯುಷ್ಮಾನ್ ಯೋಜನೆಯು 2018ರಲ್ಲಿ ಜಾರಿಗೆ ಬಂದಿದೆ.

ದಾರಿ ಹತ್ತಿರವಿದ್ದರೂ ಮನೆಯ ಹೊಸ್ತಿಲು ದಾಟುವುದೇ ಕಠಿಣವಾಗಿದೆ. ಬಿತ್ತಿಗೆ ಮುಗಿಯಲಿ, ಹತ್ತಿ ಬಿಡಿಸಿ ಆಗಲಿ, ಜಾತ್ರೆ ಕಳೆಯಲಿ, ಮಗಳ ಲಗ್ನವಾಗಲಿ ಎಂದು ತಿಂಗಳುಗಳು ಸರಿಯುವುವು. ಅಷ್ಟರಲ್ಲಿ 81ರ ಸಾಲಿನವಳು 18ರ ಸಾಲಿಗೆ ಇಳಿಯಬಹುದು. ತಾಯಿಯು ನಾಚಿಕೆಯನ್ನು ಬಿಟ್ಟು ಗಂಟಿನ ಮಾತನ್ನು ಮನೆಯಲ್ಲಿ ಆಡಬೇಕು. ಆ ಮಾತು ಕಿವಿಗೆ ಬಿದ್ದ ವಾರದಲ್ಲಿಯೇ ಗಂಡನಾಗಲಿ ಮಗನಾಗಲಿ ಅವಳೊಡನೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು.