ಗರಗಸ ಓದಿದ ಮಗು

‘ಒಂದನೇ ಕ್ಲಾಸಿಗೆ ಸೇರಿ ಎರಡು ತಿಂಗಳಾಯ್ತು, ಇನ್ನೂ ಅ ಆ ಇ ಈ ಬರಲ್ವಾ?’ ಮನೆಯ ಹಿರಿಯರು ಹೀಗೆ ಕೇಳೋದುಂಟು. ಮಗು ನೋಡಿದ್ರೆ ರ, ಗ, ಸ, ದ, ಅ ಅಂತ ಬರೀತಾ ಕೂತಿರುತ್ತೆ. ಆ ಗಾಬರಿಗೆ ಉತ್ತರ ಹುಡುಕೋಣ ಬನ್ನಿ.

ವರ್ಣಮಾಲೆಯ ಮೊದಲ ಐದು ಅಕ್ಷರ ತಗೊಳ್ಳಿ: ಅ, ಆ, ಇ, ಈ, ಉ. ಇಷ್ಟೇ ಗೊತ್ತಿರೋ ಮಗು ಏನು ಓದಬಹುದು? ‘ಆ’, ‘ಈ’. ಮುಗೀತು. ಈಗ ರ ಗ ಸ ದ ಅ ತಗೊಳ್ಳಿ. ಸರ, ರಸ, ದರ, ಅರಸ, ಅಗಸ... ಗರಗಸ! ಇದೂ ಐದೇ ಅಕ್ಷರ. ಅದರಲ್ಲೂ ‘ಗರಗಸ’ ಅಂತ ತಾನೇ ಕೂಡಿಸಿ ಓದಿದ ಮಗುವಿನ ಮುಖ ನೋಡಬೇಕು ನೀವು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಅನ್ನೋ ಕಲಿಕಾ ಪದ್ಧತಿ ಹಿಡಿದಿರೋ ದಾರಿ ಇದೇ. ಆಕಾರದಲ್ಲಿ ಹತ್ತಿರ ಇರೋ ಅಕ್ಷರಗಳನ್ನ ಗುಂಪು ಮಾಡಿ ಕಲಿಸ್ತಾರೆ. ‘ವ’ ಬರೆದ ಕೈಗೆ ‘ಮ’ ದೂರ ಅಲ್ಲ. ಇನ್ನೊಂದು ವಿಷಯ ನೋಡಿ. ಸ್ವರಾಕ್ಷರಗಳು ಕನ್ನಡದಲ್ಲಿ ಬಹುಪಾಲು ಪದದ ಮೊದಲಿಗಷ್ಟೇ ಬರ್ತವೆ, ಒಳಗೆಲ್ಲ ಗುಣಿತದ ಚಿಹ್ನೆಗಳೇ. ಹಾಗಾಗಿ ಹದಿಮೂರು ಸ್ವರ ಮುಗಿಯೋವರೆಗೆ ಕಾಯಿಸಿದ್ರೆ ಮಗುವಿಗೆ ಓದಿನ ರುಚಿಯೇ ಹತ್ತಲ್ಲ.

ಇಡೀ ಪದವನ್ನ ಚಿತ್ರದ ಹಾಗೆ ಗುರುತಿಸೋ ಪದ್ಧತಿಯೂ ಇದೆ. ಶುರುವಿಗೆ ಚೆನ್ನ. ಆದ್ರೆ ನಮ್ಮ ‘ಮನೆ’ ಒಂದೇ ರೂಪದಲ್ಲಿ ಇರಲ್ವಲ್ಲ: ಮನೆಗೆ, ಮನೆಯಲ್ಲಿ, ಮನೆಯವರಿಗೆ. ಎಷ್ಟು ಅಂತ ನೆನಪಿಟ್ಕೊಳ್ಳೋದು?

ನಿಜವಾದ ಏರು ಇರೋದು ಆಮೇಲೆ. 34 ವ್ಯಂಜನಕ್ಕೆ 13 ಸ್ವರ ಸೇರಿದ್ರೆ 442 ರೂಪ. ಅದರ ಮೇಲೆ ಒತ್ತಕ್ಷರ. ಬೇಜಾರಿನ ಸಂಗತಿ ಅಂದ್ರೆ, ಮಗುವಿನ ಬಾಯಲ್ಲಿ ಸದಾ ಇರೋ ಅಮ್ಮ, ಅಪ್ಪ, ಅಜ್ಜಿ, ಅಕ್ಕ ಎಲ್ಲದರಲ್ಲೂ ಒತ್ತು ಇದೆ, ನಾವು ಒತ್ತನ್ನ ಕೊನೆಗೆ ಇಡ್ತೀವಿ. ನನ್ನ ಕೇಳಿದ್ರೆ, ಅಮ್ಮ ಅನ್ನೋ ಪದವನ್ನ ಮೊದಲ ವಾರವೇ ಗೋಡೆ ಮೇಲೆ ಬರೆದು ಓದಿಸಿ. ಒತ್ತಿನ ಪಾಠ ಆಮೇಲೆ ಬರಲಿ.

ಕನ್ನಡ ಮಕ್ಕಳ ಓದನ್ನ ಅಧ್ಯಯನ ಮಾಡಿದ ಸೊನಾಲಿ ನಾಗ್ ತೋರಿಸಿಕೊಟ್ಟಿದ್ದು ಇದನ್ನೇ: ಇಂಗ್ಲಿಷಿನ 26 ಅಕ್ಷರದ ಹಾಗೆ ನಮ್ಮ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯಲ್ಲ, ಮುಂದಿನ ತರಗತಿಗಳಿಗೂ ಹರಡಿಕೊಳ್ಳುತ್ತೆ. ಹಾಗಾಗಿ ಮೂರನೇ ಕ್ಲಾಸಿನ ಮಗು ‘ಸೂರ್ಯ’ದ ಮುಂದೆ ನಿಂತುಬಿಟ್ರೆ ಗದರಬೇಡಿ. ‘ರ್’ ಸೂಚಿಸೋ ಅರ್ಕಾವೊತ್ತನ್ನ ಬರೆಯೋದು ‘ಯ’ ಆದ ಮೇಲೆ, ಹೇಳೋದು ‘ಯ’ಗಿಂತ ಮುಂಚೆ. ಪಕ್ಕದಲ್ಲಿ ಕೂತು, ಬೆರಳಿಟ್ಟು, ಅದನ್ನ ಒಂದು ಸಲ ತೋರಿಸಿ.